‘ಗೃಹಿಣಿಯಾಗಿರಲು ಒಪ್ಪುವ ವಧು ಬೇಕು’: ಈ ಒಂದು ಸಾಲನ್ನು ಮ್ಯಾಟ್ರಿಮೋನಿ ಸೇವೆಗಳು ಹೇಗೆ ನಿಭಾಯಿಸುತ್ತವೆ?

ಹೆಣ್ಣು ಹುಡುಕಲು ಹೊರಟ ಎಷ್ಟೋ ಮನೆಗಳಲ್ಲಿ ಈಗ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ: ‘ಹುಡುಗಿ ಕೆಲಸಕ್ಕೆ ಹೋಗೋದು ಬೇಡ, ಮನೆ ನೋಡ್ಕೊಂಡಿರಲಿ.’ ಹಿಂದಿನ ತಲೆಮಾರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಈಗ ಹೇಳಿದರೆ ಎದುರು ಕೂತವರ ಮುಖ ಬಿಗಿಯುತ್ತದೆ, ‘ಅಡುಗೆಯವಳನ್ನೇ ಇಟ್ಕೊಳ್ಳಬಹುದಿತ್ತಲ್ಲ’ ಎಂಬ ಮಾತು ಬೆನ್ನ ಹಿಂದೆ ಬರುತ್ತದೆ. ಹೇಳದೆ ಮುಚ್ಚಿಟ್ಟುಕೊಂಡು ಮದುವೆಯಾದ ಮೇಲೆ ಹೇಳಿದರೆ ಸಂಸಾರವೇ ಕೆಡುತ್ತದೆ.

ಹಾಗಾಗಿ ಈ ವಿಮರ್ಶೆಯನ್ನು ಈ ಒಂದೇ ಬೇಡಿಕೆಗೆ ಮೀಸಲಿಟ್ಟಿದ್ದೇನೆ. ಮ್ಯಾಟ್ರಿಮೋನಿ ಜಾಲತಾಣಗಳು, ಸಮಾಜದ ವಧು-ವರ ಕೇಂದ್ರಗಳು, ಸಮಾವೇಶಗಳು, ಮದುವೆ ದಲ್ಲಾಳಿಗಳು, ಪತ್ರಿಕೆಯ ವರ್ಗೀಕೃತ ಜಾಹೀರಾತು, ಇವುಗಳಲ್ಲಿ ಯಾವುದು ಈ ಮಾತನ್ನು ಸರಿಯಾಗಿ ಹೇಳಿಸುತ್ತದೆ, ಯಾವುದು ಅದಕ್ಕೆ ಒಪ್ಪುವ ಹೆಣ್ಣಿನವರೆಗೆ ಮುಟ್ಟಿಸುತ್ತದೆ, ಒಪ್ಪಿಕೊಂಡವಳಿಗೆ ನಾಳೆ ಯಾವುದು ನೆರಳಾಗುತ್ತದೆ ಎಂಬುದಷ್ಟೇ ಇಲ್ಲಿನ ಅಳತೆ. ಜಾತಕ ಕೂಡಿಸುವುದು, ಫೋಟೋದ ಗುಣಮಟ್ಟ ಮುಂತಾದವನ್ನು ಬಿಟ್ಟಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ನೋಡಿಕೊಳ್ಳುವ ಹೆಂಡತಿ ಬೇಕೆಂದು ಬಯಸುವ ಗಂಡಸನ್ನು ಕಂಡ ಕೂಡಲೇ ಕೆಟ್ಟವನೆಂದು ತೀರ್ಮಾನಿಸುವುದು ಅನ್ಯಾಯ. ಆದರೆ ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ದುಡಿಮೆ ಬಿಟ್ಟು ಬರುವವಳ ಕೈಗೆ ಏನು ಸಿಗುತ್ತದೆ ಎಂದು ಯಾವ ಬಯೋಡೇಟಾದಲ್ಲೂ ಬರೆದಿರುವುದಿಲ್ಲ. ‘ಕೆಲಸ ಬೇಡ’ ಎಂಬುದನ್ನು ಗುರುತು ಹಾಕಲು ಹತ್ತು ಸೆಕೆಂಡು ಸಾಕು. ‘ಬದಲಿಗೆ ನಾನು ಇಷ್ಟು ಕೊಡುತ್ತೇನೆ’ ಎಂದು ಬರೆಯಲು ನಾನು ನೋಡಿದ ಒಂದು ಫಾರಮ್ಮಿನಲ್ಲೂ ಜಾಗವಿಲ್ಲ. ಈ ಸೇವೆಗಳ ದೊಡ್ಡ ಕೊರತೆ ಇದೇ.

ಜಾಲತಾಣಗಳು

ಕನ್ನಡಿಗರು ಹೆಚ್ಚಾಗಿ ಬಳಸುವುದು ಭಾರತ್ ಮ್ಯಾಟ್ರಿಮೋನಿ ಬಳಗದ ಕನ್ನಡ ಮ್ಯಾಟ್ರಿಮೋನಿ, ಶಾದಿ ಡಾಟ್ ಕಾಮ್, ಜೀವನ್‌ಸಾಥಿ. ಮೂರರ ಮೂಲ ನಡೆಯೂ ಒಂದೇ. ಉಚಿತವಾಗಿ ನೋಂದಾಯಿಸಿ ಪ್ರೊಫೈಲ್ ಹಾಕಬಹುದು, ಆಸಕ್ತಿ ಕಳಿಸಬಹುದು. ಫೋನ್ ನಂಬರು ನೋಡಿ ನೇರವಾಗಿ ಮಾತಾಡಬೇಕಾದರೆ ದುಡ್ಡು ಕಟ್ಟಬೇಕು.

ತೊಂದರೆ ಶುರುವಾಗುವುದು ಉದ್ಯೋಗದ ಕಾಲಮ್ಮಿನಲ್ಲಿ. ಸರ್ಕಾರಿ, ಖಾಸಗಿ, ಸ್ವಂತ ವ್ಯಾಪಾರ, ರಕ್ಷಣಾ ಪಡೆ, ಕೊನೆಗೆ ‘ಕೆಲಸದಲ್ಲಿಲ್ಲ’ ಎಂಬ ಆಯ್ಕೆಗಳಿರುತ್ತವೆ. ಗೃಹಿಣಿ ಬೇಕೆನ್ನುವ ಗಂಡಿನ ಮನೆಯವರು ನೇರವಾಗಿ ಈ ಕೊನೆಯದನ್ನೇ ಒತ್ತುತ್ತಾರೆ. ಅಲ್ಲೇ ಎಡವುವುದು. ಆ ಆಯ್ಕೆ ಹೇಳುವುದು ಹುಡುಗಿ ಇವತ್ತು ಏನು ಮಾಡುತ್ತಿದ್ದಾಳೆ ಎಂಬುದನ್ನು. ಮದುವೆಯಾದ ಮೇಲೆ ಏನು ಮಾಡಬೇಕೆಂದಿದ್ದಾಳೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

‘ಕೆಲಸದಲ್ಲಿಲ್ಲ’ ಎಂದಿರುವವರಲ್ಲಿ ಕೆಪಿಎಸ್‌ಸಿಗೋ ಶಿಕ್ಷಕರ ನೇಮಕಾತಿಗೋ ಓದುತ್ತಾ ಕೂತವರು ಇರುತ್ತಾರೆ. ಎಂ.ಎಸ್ಸಿ. ಮುಗಿಸಿ ಕೆಲಸ ಸಿಗದೆ ಕಾಯುತ್ತಿರುವವರು ಇರುತ್ತಾರೆ. ‘ಮದುವೆ ಆದ್ಮೇಲೆ ಗಂಡನ ಊರಲ್ಲೇ ಕೆಲಸ ಹುಡುಕಿದರಾಯ್ತು’ ಎಂದು ಇದ್ದ ನೌಕರಿ ಬಿಟ್ಟವರು ಇರುತ್ತಾರೆ. ಮನೆಯಲ್ಲೇ ಇರಬೇಕೆಂಬ ಮನಸ್ಸಿನವರು ಇವರ ನಡುವೆ ಕೆಲವರು ಮಾತ್ರ. ಇನ್ನೊಂದು ಕಡೆ ನೋಡಿ: ದಾವಣಗೆರೆಯಿಂದ ಬಂದು ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ರಾತ್ರಿ ಪಾಳಿಯಲ್ಲಿ ದುಡಿದು ಬೇಸತ್ತ ಹುಡುಗಿ ‘ಮಕ್ಕಳಾಗುವವರೆಗಾದರೂ ನೆಮ್ಮದಿಯಾಗಿ ಮನೆಯಲ್ಲಿರ್ತೀನಿ’ ಎಂದುಕೊಂಡಿರಬಹುದು. ಅವಳ ಪ್ರೊಫೈಲಿನಲ್ಲಿ ‘ಖಾಸಗಿ’ ಎಂದಿರುವುದರಿಂದ ನಿಮ್ಮ ಫಿಲ್ಟರ್ ಅವಳನ್ನು ತೋರಿಸುವುದೇ ಇಲ್ಲ. ಕೆಲಸವಿಲ್ಲದಿರುವುದು ಬೇರೆ, ಕೆಲಸ ಬೇಡವೆನ್ನುವುದು ಬೇರೆ. ತಾಣದ ಹುಡುಕಾಟಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಸಂಗಾತಿಯ ಆಯ್ಕೆಯಲ್ಲಿ ಉದ್ಯೋಗವನ್ನು ‘ಯಾವುದಾದರೂ’ ಎಂದು ಬಿಡಿ. ಆದಾಯದ ಕಾಲಮ್ಮನ್ನೂ ಹಾಗೇ ಬಿಡಿ. ಹುಡುಗಿ ದುಡಿಯುವುದು ಬೇಡ ಎನ್ನುತ್ತಲೇ ವರ್ಷಕ್ಕೆ ಇಷ್ಟು ಲಕ್ಷಕ್ಕಿಂತ ಮೇಲೆ ಎಂದು ಹಾಕಿರುವ ಪ್ರೊಫೈಲುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಹಳೆಯ ಫಾರಮ್ಮಿನ ನಕಲು ಮಾಡಿದ ಗುರುತು ಅದು, ಹೆಣ್ಣಿನವರು ಒಂದೇ ನೋಟದಲ್ಲಿ ಹಿಡಿಯುತ್ತಾರೆ. ವಯಸ್ಸು, ಊರು, ಜಾತಿ-ಒಳಪಂಗಡದಲ್ಲಿ ನಿಮಗೆ ಬೇಕಾದಷ್ಟು ಬಿಗಿ ಮಾಡಿಕೊಳ್ಳಿ. ಒಳಪಂಗಡ, ನಕ್ಷತ್ರ, ಊರು ಮೂರನ್ನೂ ಕಡ್ಡಾಯ ಮಾಡಿ, ಮೇಲೆ ‘ಕೆಲಸದಲ್ಲಿಲ್ಲ’ ಎಂದೂ ಒತ್ತಿದರೆ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ. ಆಮೇಲೆ ‘ಈ ತಾಣದಲ್ಲಿ ಹುಡುಗಿಯರೇ ಇಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಬೇಡಿಕೆಯನ್ನು ಹೇಳಬೇಕಾದ ಜಾಗ ‘ನನ್ನ ಬಗ್ಗೆ’ ಎಂಬ ಪ್ಯಾರಾ. ಅದರಲ್ಲಿ ಸಾಮಾನ್ಯವಾಗಿ ಏನಿರುತ್ತದೆ ನೋಡಿ: ‘ಸುಸಂಸ್ಕೃತ, ಹೋಮ್ಲಿ, ಹೊಂದಿಕೊಂಡು ಹೋಗುವ, ಹಿರಿಯರನ್ನು ಗೌರವಿಸುವ ಹುಡುಗಿ ಬೇಕು.’ ಇದನ್ನು ಓದುವ ಹುಡುಗಿಗೆ ಕೇಳಿಸುವುದು ಬೇರೆ. ‘ಹೋಮ್ಲಿ’ ಎಂದರೆ ಪ್ರಶ್ನೆ ಕೇಳಬಾರದು. ‘ಹೊಂದಿಕೊಂಡು’ ಎಂದರೆ ಹೊಂದಿಕೊಳ್ಳುವವಳು ಅವಳೊಬ್ಬಳೇ. ‘ಹಿರಿಯರನ್ನು ಗೌರವಿಸುವ’ ಎಂದರೆ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರೋ ಇದ್ದಾರೆ. ಹುಡುಗನ ಮನಸ್ಸಿನಲ್ಲಿ ಇದ್ಯಾವುದೂ ಇಲ್ಲದಿರಬಹುದು. ಆದರೆ ಆ ಮೂರು ಪದಗಳು ಸವೆದು ಸವೆದು ಈಗ ಬೇರೆಯದನ್ನೇ ಹೇಳುತ್ತಿವೆ. ಅವನ್ನು ಬಿಟ್ಟುಬಿಡಿ.

ಬದಲಿಗೆ ಹೀಗೆ ಬರೆಯಬಹುದು: ‘ಮದುವೆಯ ನಂತರ ಪತ್ನಿ ಮನೆಯ ಜವಾಬ್ದಾರಿ ನೋಡಿಕೊಳ್ಳಲಿ ಎಂಬುದು ನನ್ನ ಇಷ್ಟ. ನನ್ನದು ತಿಂಗಳಿಗೆ ಕೈಗೆ ಬರುವ ಸಂಬಳ 90 ಸಾವಿರ, ಒಬ್ಬನ ದುಡಿಮೆಯಲ್ಲಿ ನಡೆಯುವಂತೆ ಖರ್ಚು ಇಟ್ಟುಕೊಂಡಿದ್ದೇನೆ. ಪತ್ನಿಯ ಹೆಸರಿನಲ್ಲಿ ಪ್ರತಿ ತಿಂಗಳು ಉಳಿತಾಯ ಮಾಡುತ್ತೇನೆ. ಅಪ್ಪ-ಅಮ್ಮ ಜೊತೆಗಿದ್ದಾರೆ, ಇಬ್ಬರೂ ಓಡಾಡಿಕೊಂಡಿದ್ದಾರೆ. ಮನೆಗೆಲಸಕ್ಕೆ ಒಬ್ಬರು ಬರುತ್ತಾರೆ. ಮುಂದೆ ಕೆಲಸಕ್ಕೆ ಹೋಗಬೇಕೆನಿಸಿದರೆ ಕೂತು ಮಾತಾಡೋಣ.’ ಆರು ಸಾಲು. ಇದಕ್ಕೆ ಬರುವ ಉತ್ತರಗಳು ಎಣಿಕೆಯಲ್ಲಿ ಕಡಿಮೆಯೇ. ಆದರೆ ಬಂದ ಉತ್ತರಗಳು ಈ ಮಾತನ್ನು ಓದಿಯೇ ಬಂದವು. ಎರಡನೇ ಭೇಟಿಯಲ್ಲಿ ‘ಅಯ್ಯೋ, ಕೆಲಸ ಬಿಡೋದಾ?’ ಎಂದು ಎದ್ದುಹೋಗುವ ಪ್ರಸಂಗ ತಪ್ಪುತ್ತದೆ.

ಪ್ರೊಫೈಲ್ ಯಾರು ಮಾಡಿದ್ದು ಎಂಬ ಕಾಲಮ್ ಕೂಡ ಇಲ್ಲಿ ಮುಖ್ಯ. ಅಪ್ಪ-ಅಮ್ಮ ಮಾಡಿದ ಪ್ರೊಫೈಲಿನಲ್ಲಿ ‘ಗೃಹಿಣಿ’ ಎಂಬ ಬೇಡಿಕೆ ಇದ್ದರೆ ಅದು ಹುಡುಗನದ್ದೋ ತಾಯಿಯದ್ದೋ ಎಂಬ ಪ್ರಶ್ನೆ ಏಳುತ್ತದೆ. ಏಳಬೇಕಾದದ್ದೇ. ಹುಡುಗ ತಾನೇ ಬರೆದಿದ್ದರೆ ನಂಬಿಕೆ ಹೆಚ್ಚು. ಹೆಣ್ಣಿನ ಕಡೆಯಲ್ಲೂ ಇದೇ ತೊಂದರೆಯಿದೆ: ‘ಮದುವೆಯಾದ ಮೇಲೆ ಕೆಲಸ ಬಿಡಲು ಸಿದ್ಧ’ ಎಂದು ಬರೆದದ್ದು ಅಪ್ಪ, ಹುಡುಗಿಗೆ ವಿಷಯವೇ ಗೊತ್ತಿಲ್ಲ. ಆದ್ದರಿಂದ ಈ ಒಂದು ಪ್ರಶ್ನೆಯನ್ನು ಹುಡುಗ-ಹುಡುಗಿ ಇಬ್ಬರೇ ಮಾತಾಡುವ ಹೊತ್ತಿನಲ್ಲಿ ಕೇಳಬೇಕು, ಉಪ್ಪಿಟ್ಟು-ಕೇಸರಿಬಾತಿನ ತಟ್ಟೆ ಹಿಡಿದು ಎಲ್ಲರೂ ಕೂತಾಗ ಅಲ್ಲ.

ದುಡ್ಡಿನ ವಿಷಯ. ಮೊದಲ ತಿಂಗಳು ಉಚಿತ ಪ್ರೊಫೈಲಿನಲ್ಲೇ ಇರಿ, ಮೇಲಿನ ಪ್ಯಾರಾ ಹಾಕಿ, ಬರುವ ಆಸಕ್ತಿಗಳನ್ನು ನೋಡಿ. ಒಂದೂ ಬರದಿದ್ದರೆ ತಪ್ಪು ಫೋಟೋದಲ್ಲೋ ಬರಹದಲ್ಲೋ ಇದೆ, ದುಡ್ಡು ಕಟ್ಟಿದರೆ ಅದು ಸರಿಹೋಗದು. ಬರುತ್ತಿದ್ದರೆ ಮೂರು ತಿಂಗಳ ಯೋಜನೆ ಸಾಕು. ತಾಣದ ಸಿಬ್ಬಂದಿಯೇ ಸಂಬಂಧ ಹುಡುಕಿಕೊಡುವ ದುಬಾರಿ ಸಹಾಯಕ ಸೇವೆಯನ್ನು ಈ ಬೇಡಿಕೆಯವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಫೋನ್ ಮಾಡುವವರ ಗಮನ ಎಷ್ಟು ಮನೆಗಳನ್ನು ಜೋಡಿಸಿದೆವು ಎಂಬುದರ ಮೇಲಿರುತ್ತದೆ, ‘ಕೆಲಸ ಬಿಡಬೇಕು’ ಎಂಬ ಮಾತು ಮೊದಲ ಕರೆಯಲ್ಲೇ ಬಾಗಿಲು ಮುಚ್ಚಿಸುತ್ತದೆ. ಹಾಗಾಗಿ ಅದನ್ನು ಮೆಲ್ಲಗೆ ನುಂಗಿಬಿಡುವ ಸಾಧ್ಯತೆ ಹೆಚ್ಚು. ತಗೊಂಡಿದ್ದರೆ, ನಿಮ್ಮ ಪರವಾಗಿ ಏನು ಹೇಳಬೇಕೆಂಬ ನಾಲ್ಕು ಸಾಲನ್ನು ನೀವೇ ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅದೇ ಸಾಲನ್ನು ಹೆಣ್ಣಿನವರಿಗೂ ಕಳಿಸಲು ಹೇಳಿ.

ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಮ್ಯಾಟ್ರಿಮೋನಿ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಳಕೆದಾರರ ಗುರುತಿನ ಪುರಾವೆ ಪಡೆಯಬೇಕು, ತಾಣ ಇರುವುದು ಮದುವೆಗಾಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು ಎಂಬುದು ಅದರ ತಿರುಳು. ಗುರುತು ಪರಿಶೀಲನೆಯಾಗಿದೆ ಎಂಬ ಚಿಹ್ನೆಯಿದ್ದರೆ ಆಧಾರ್ ಅಥವಾ ಫೋನ್ ಸರಿಯಿದೆ ಎಂದಷ್ಟೇ ತಿಳಿಯಿರಿ. ಸಂಬಳ ಅವನು ಹೇಳಿಕೊಂಡದ್ದು. ಒಬ್ಬನ ದುಡಿಮೆಯನ್ನೇ ನಂಬಿ ಮನೆಗೆ ಬರುವವಳಿಗೆ ಆ ಅಂಕಿಯೇ ಎಲ್ಲಕ್ಕಿಂತ ದೊಡ್ಡದು, ಸ್ಯಾಲರಿ ಸ್ಲಿಪ್ ಕೇಳುವುದರಲ್ಲಿ ಸಂಕೋಚ ಬೇಡ. ಫಾರಮ್ಮುಗಳು ಬದಲಾಗಲಾರವು ಎಂದೇನೂ ಇಲ್ಲ. ಬಳಕೆದಾರರು ದನಿ ಎತ್ತಿದ ಮೇಲೆ 2020ರಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರನ್ನು ತೆಗೆದುಹಾಕಿತು. ‘ಮದುವೆಯ ನಂತರ ಪತ್ನಿಯ ಉದ್ಯೋಗ’, ‘ಪತ್ನಿಯ ಹೆಸರಿನ ಉಳಿತಾಯ’ ಎಂಬ ಎರಡು ಕಾಲಮ್ಮು ಸೇರಿಸಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ.

ಸಮಾಜದ ಕೇಂದ್ರಗಳು, ಸಮಾವೇಶಗಳು

ಜಾತಿ ಸಂಘಗಳು, ಮಠಗಳು ನಡೆಸುವ ವಧು-ವರ ಕೇಂದ್ರದಲ್ಲಿ ಫಾರಮ್ಮು ಒಂದು ಹಾಳೆಯದ್ದು: ಹೆಸರು, ಗೋತ್ರ ಅಥವಾ ಬೆಡಗು, ನಕ್ಷತ್ರ, ಎತ್ತರ, ವಿದ್ಯೆ, ಕೆಲಸ, ತಂದೆ-ತಾಯಿ, ನಿರೀಕ್ಷೆ. ‘ನಿರೀಕ್ಷೆ’ಗೆ ಒಂದೂವರೆ ಸಾಲಿನ ಜಾಗ. ಜೊತೆಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೋ, ಜಾತಕದ ಪ್ರತಿ. ಶುಲ್ಕ ತಾಣಗಳಿಗಿಂತ ತುಂಬ ಕಡಿಮೆ. ಇಲ್ಲಿನ ದೊಡ್ಡ ಅನುಕೂಲ ಆ ಕಡತ ನೋಡಿಕೊಳ್ಳುವ ಹಿರಿಯರು. ‘ಆ ಮನೆಯಲ್ಲಿ ಹಿರಿ ಸೊಸೆ ಟೀಚರ್ ಆಗಿದ್ದಳು, ಬಿಡಿಸಿದರು’ ಎಂಬ ಸುದ್ದಿ ಯಾವ ತಾಣದಲ್ಲೂ ಸಿಗುವುದಿಲ್ಲ, ಇಲ್ಲಿ ಕೇಳಿದರೆ ಸಿಗುತ್ತದೆ. ಹೆಣ್ಣಿನವರು ಇದನ್ನು ಕೇಳಲೇಬೇಕು.

ಸಮಾವೇಶ ಇದಕ್ಕೆ ತದ್ವಿರುದ್ಧ. ಕಲ್ಯಾಣ ಮಂಟಪದ ವೇದಿಕೆ, ಎದೆಗೆ ನಂಬರಿನ ಚೀಟಿ, ಕೈಗೆ ಮೈಕು, ಒಂದು ನಿಮಿಷ. ಅಷ್ಟರಲ್ಲಿ ಹುಡುಗನೊಬ್ಬ ‘ನನಗೆ ಗೃಹಿಣಿ ಬೇಕು’ ಎಂದರೆ ಸಭೆಯಲ್ಲಿ ಗುಸುಗುಸು ಏಳುತ್ತದೆ, ಕಾರಣ ಹೇಳಲು ಸಮಯವಿಲ್ಲ. ವೇದಿಕೆಯ ಮೇಲೆ ಈ ಮಾತು ಬೇಡ. ಕೈಪಿಡಿಯಲ್ಲಿ ಅಚ್ಚಾಗುವ ನಿಮ್ಮ ವಿವರದಲ್ಲಿ ಒಂದು ಸಾಲು ಹಾಕಿಸಿ, ಊಟದ ಹೊತ್ತಿನಲ್ಲಿ ಮಾತಾಡಿ. ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವ ಬಯೋಡೇಟಾ ಪಿಡಿಎಫ್‌ಗೂ ಇದೇ ಮಾತು. ಮೇಲೆ ಗಣಪತಿಯ ಚಿತ್ರ, ಕೆಳಗೆ ಅಪ್ಪನ ಫೋನ್ ನಂಬರು, ನಡುವೆ ‘ಹೋಮ್ಲಿ’ ಎಂಬ ಪದ ಇದ್ದರೆ ಅದು ಹತ್ತು ಗುಂಪಿಗೆ ಹೋದರೂ ಕೆಲಸ ಮಾಡದು.

ಮದುವೆ ಮಾಡಿಸುವ ದಲ್ಲಾಳಿಗಳಿಗೆ ಎರಡೂ ಕಡೆಯಿಂದ ದುಡ್ಡು, ಅದೂ ನಿಶ್ಚಿತಾರ್ಥ ಆದರೆ ಮಾತ್ರ. ಗಂಡಿನವರಿಗೆ ‘ಹುಡುಗಿ ಕೆಲಸ ಬಿಡ್ತಾಳೆ’, ಹೆಣ್ಣಿನವರಿಗೆ ‘ಕೆಲಸಕ್ಕೆ ಅವರದ್ದೇನೂ ಅಭ್ಯಂತರ ಇಲ್ಲ’ ಎಂದು ಹೇಳಿ ದಾಟಿಸುವ ಅಪಾಯ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ಅವರು ತಂದ ಸಂಬಂಧವನ್ನು ನೋಡಬಹುದು, ಅವರು ತಂದ ಮಾತನ್ನು ನೆಚ್ಚಬೇಡಿ. ಪತ್ರಿಕೆಯ ಜಾಹೀರಾತಿನಲ್ಲಿ ಪದಕ್ಕೆ ಇಷ್ಟೆಂದು ದರ. ಅಷ್ಟು ಚಿಕ್ಕ ಜಾಗದಲ್ಲಿ ‘ಗೃಹಿಣಿಯಾಗಿರಲು ಒಪ್ಪುವ’ ಎಂಬ ಎರಡು ಪದ ಸಾಕಾಗುತ್ತದೆ, ಅದಕ್ಕಿಂತ ಹೆಚ್ಚೇನೂ ಅಲ್ಲಿ ಆಗದು.

ಹಳ್ಳಿಯ ‘ಗೃಹಿಣಿ’

2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಅವರಲ್ಲಿ ಬಹಳಷ್ಟು ಜನ ರೈತರು. ರೈತರ ಪ್ರೊಫೈಲುಗಳಲ್ಲಿ ಈ ‘ಗೃಹಿಣಿ’ ಎಂಬ ಪದವನ್ನು ಬಿಟ್ಟುಬಿಡುವುದೇ ಸರಿ ಎನ್ನುತ್ತೇನೆ, ಯಾಕೆಂದರೆ ಅದು ನಿಜವಲ್ಲ. ಬೆಳಗಿನ ಜಾವ ಎದ್ದು ಹಸು ಕರೆದು, ಡೇರಿಗೆ ಹಾಲು ಹಾಕಿ, ಬುತ್ತಿ ಕಟ್ಟಿ, ಕಳೆ ಕೀಳಲು ಹೋಗುವವಳನ್ನು ಮನೆಯಲ್ಲಿರುವವಳು ಎಂದು ಬರೆದರೆ ಅವಳ ದುಡಿಮೆ ಲೆಕ್ಕದಿಂದಲೇ ಹೊರಗಾಗುತ್ತದೆ. ಹುಡುಗಿಯರು ಹಿಂಜರಿಯುವುದೂ ಈ ಲೆಕ್ಕವಿಲ್ಲದ ದುಡಿಮೆಗೇ.

ಇಲ್ಲಿ ಮಾಡಬಹುದಾದ ಕೆಲಸ ಬಲು ಸರಳ. ಹಾಲು ಉತ್ಪಾದಕರ ಸಂಘದ ಸದಸ್ಯತ್ವ ಹೆಂಡತಿಯ ಹೆಸರಿಗೆ ಮಾಡಿಸಿ. ಹಾಲಿನ ಬಿಲ್ಲು ಸದಸ್ಯರ ಬ್ಯಾಂಕ್ ಖಾತೆಗೇ ಬೀಳುತ್ತದೆ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಅಲ್ಲಿಗೇ ಬರುತ್ತದೆ. ‘ಹಾಲಿನ ದುಡ್ಡು ಹುಡುಗಿಯ ಖಾತೆಗೆ’ ಎಂದು ಬಯೋಡೇಟಾದಲ್ಲಿ ಬರೆಯಿರಿ. ಎಕರೆ, ಬೋರ್‌ವೆಲ್, ಟ್ರ್ಯಾಕ್ಟರುಗಳ ಪಟ್ಟಿಗಿಂತ ಈ ಒಂದು ಸಾಲಿಗೆ ಬೆಲೆ ಹೆಚ್ಚು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮಾತ್ರ ಸೊಸೆಯ ಲೆಕ್ಕಕ್ಕೆ ಹಿಡಿಯಬೇಡಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಇರುವವರಿಗೆ ಅದು ಹೋಗುವುದು, ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ.

ಅಮೆರಿಕದ ಸಂಬಂಧ

ಅಮೆರಿಕದಲ್ಲಿ ಎಚ್‌-1ಬಿ ಎಂಬ ಕೆಲಸದ ವೀಸಾದ ಮೇಲಿರುವ ಹುಡುಗನ ವಿಷಯದಲ್ಲಿ ‘ಹೆಂಡತಿ ಮನೆಯಲ್ಲಿರಬೇಕು’ ಎಂಬುದು ಅವನ ಇಷ್ಟಕ್ಕಿಂತ ವೀಸಾದ ಕಟ್ಟಳೆ. ಅವಳಿಗೆ ಸಿಗುವುದು ಎಚ್‌-4, ಅಂದರೆ ಅವಲಂಬಿತರ ವೀಸಾ. ಅದರಲ್ಲಿ ಓದಬಹುದು, ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಅರ್ಜಿ ಐ-140 ಎಂಬ ಹಂತದಲ್ಲಿ ಮಂಜೂರಾಗಿದ್ದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು ಎಂಬ ನಿಯಮ 2015ರ ಮೇನಲ್ಲಿ ಬಂತು. ತಾಣಗಳ ಫಾರಮ್ಮಿನಲ್ಲಿ ‘ವರ್ಕ್ ಪರ್ಮಿಟ್’ ಎಂದಷ್ಟೇ ಇರುತ್ತದೆ. ಐ-140 ಆಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ಹೋಗುವವಳಿಗೆ ಈ ಒಂದು ಉತ್ತರ ವರ್ಷಗಟ್ಟಲೆ ಬದುಕನ್ನು ನಿರ್ಧರಿಸುತ್ತದೆ. ಹುಡುಗನೇ ಮೊದಲ ಕರೆಯಲ್ಲಿ ಹೇಳಬೇಕು, ಹೇಳದಿದ್ದರೆ ಹುಡುಗಿ ಕೇಳಬೇಕು. ಅಲ್ಲಿಗೆ ಹೋದ ಕೂಡಲೇ ಜಂಟಿ ಬ್ಯಾಂಕ್ ಖಾತೆ, ಅವಳಿಗೊಂದು ಡ್ರೈವಿಂಗ್ ಲೈಸೆನ್ಸ್. ಇವೆರಡು ಇಲ್ಲದಿದ್ದರೆ ಹಾಲು ತರಲೂ ಗಂಡನ ದಾರಿ ಕಾಯಬೇಕು.

ಯಾವ ಸೇವೆಯಲ್ಲೂ ಇಲ್ಲದ ಕಾಲಮ್ಮು: ಒಬ್ಬನ ಸಂಬಳದ ಲೆಕ್ಕ

ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಬೆಂಗಳೂರಿನಲ್ಲಿ ಕೈಗೆ 90 ಸಾವಿರ ಬರುವ ಮನೆ ಎಂದು ಇಟ್ಟುಕೊಳ್ಳೋಣ. ಬಾಡಿಗೆ 24,000. ದಿನಸಿ, ತರಕಾರಿ, ಹಾಲು, ಗ್ಯಾಸು 16,000. ಕರೆಂಟು, ನೀರು, ಇಂಟರ್ನೆಟ್, ಮೊಬೈಲು 5,000. ಊರಲ್ಲಿರುವ ಅಪ್ಪ-ಅಮ್ಮನಿಗೆ 10,000. ಓಡಾಟ 6,000. ಆರೋಗ್ಯ ವಿಮೆ, ಜೀವ ವಿಮೆ ಸೇರಿ 4,000. ಇಲ್ಲಿಗೆ 65,000. ಹೆಂಡತಿಯ ಹೆಸರಿನ ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ ಎಂಬ ಸರ್ಕಾರಿ ಉಳಿತಾಯ ಖಾತೆ) 12,500, ಅವಳ ಕೈಗೆ, ಯಾವ ಲೆಕ್ಕವನ್ನೂ ಕೇಳದೆ, 7,500. ಉಳಿಯುವುದು 5,000. ಕಾರಿನ ಕಂತು ಇದ್ದರೆ ಈ ಲೆಕ್ಕ ನಿಲ್ಲದು. ಮಗುವಿನ ಶಾಲೆ ಶುರುವಾದರೂ ನಿಲ್ಲದು, ಅಷ್ಟರಲ್ಲಿ ಸಂಬಳ ಏರಿರಬೇಕು ಅಥವಾ ಬಾಡಿಗೆ ಕಡಿಮೆಯ ಕಡೆಗೆ ಹೋಗಿರಬೇಕು. ಹೆಂಡತಿಯ ಎರಡು ಸಾಲನ್ನು ಅಳಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ ಎನ್ನುವ ಮನೆಗೆ ಗೃಹಿಣಿಯನ್ನು ಕೇಳುವ ಶಕ್ತಿ ಇನ್ನೂ ಬಂದಿಲ್ಲ ಎಂದು ತಿಳಿಯಬೇಕು.

ಪಿಪಿಎಫ್ ಯಾಕೆ? ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ, ಅದು ತಿಂಗಳಿಗೆ 12,500. ಖಾತೆ ಅವಳದ್ದು, 15 ವರ್ಷದ ಅವಧಿ, ಬಡ್ಡಿಗೆ ತೆರಿಗೆಯಿಲ್ಲ. ಅದೇ ದುಡ್ಡನ್ನು ಅವಳ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸೇರುತ್ತದೆ. ಬಡ್ಡಿ ಶೇ 7.1ರಲ್ಲೇ ನಿಂತಿದೆ ಎಂದುಕೊಂಡು ಪ್ರತಿ ಏಪ್ರಿಲ್ ಮೊದಲ ವಾರ ಪೂರ್ತಿ 1.5 ಲಕ್ಷ ಕಟ್ಟುತ್ತಾ ಹೋದರೆ 15 ವರ್ಷಕ್ಕೆ ಸುಮಾರು 40 ಲಕ್ಷ. ಕಟ್ಟಿದ್ದು 22.5 ಲಕ್ಷ.

ಜೀವ ವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ. ಪಾಲಿಸಿ ತಗೊಳ್ಳುವಾಗಲೇ ಅದಕ್ಕೊಂದು ಹೆಚ್ಚುವರಿ ಫಾರಮ್ ಇರುತ್ತದೆ, ಆಮೇಲೆ ಸೇರಿಸಲು ಬರುವುದಿಲ್ಲ. ಹೀಗೆ ಮಾಡಿದ ಪಾಲಿಸಿಯ ಹಣ ಹೆಂಡತಿ-ಮಕ್ಕಳದ್ದು. ಗಂಡನ ಸಾಲಗಾರರಾಗಲಿ ಬೇರೆ ನೆಂಟರಾಗಲಿ ಕೈ ಹಾಕುವಂತಿಲ್ಲ. ಮದುವೆಗೆ ಮೊದಲೇ ಮಾಡಿಸಿದ ಪಾಲಿಸಿಗೆ ಈ ರಕ್ಷಣೆ ಇರುವುದಿಲ್ಲ, ಏಜೆಂಟರು ಇದನ್ನು ತಾವಾಗಿ ಹೇಳುವುದೂ ಕಡಿಮೆ. ಇಪಿಎಫ್ (ನೌಕರರ ಭವಿಷ್ಯ ನಿಧಿ) ನಾಮನಿರ್ದೇಶನವನ್ನು ಮದುವೆಯಾದ ಮೇಲೆ ಹೊಸದಾಗಿ ಮಾಡಬೇಕು. ಆನ್‌ಲೈನ್‌ನಲ್ಲಿ ಆಗುತ್ತದೆ, ಹೆಂಡತಿಯ ಆಧಾರ್, ಫೋಟೋ ಸಾಕು. ಮದುವೆಯ ಓಡಾಟದಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ.

ಇದೆಲ್ಲ ದಾನವೋ ಉಪಕಾರವೋ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅದನ್ನು ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆಂದು ದಾಖಲಾಗಿದೆ. ಮಕ್ಕಳು-ಹಿರಿಯರ ಆರೈಕೆಯ ಹೊತ್ತು ಇದರ ಮೇಲಿನದು. ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಈ ಸಮೀಕ್ಷೆಯನ್ನೇ ಎತ್ತಿ ಹೇಳಿ, ಗೃಹಿಣಿಯ ಕೆಲಸಕ್ಕೆ ಆದಾಯ ಎಂದು ಬೆಲೆ ಕಟ್ಟಬೇಕು ಎಂದಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್, ಗಂಡ ಹೊರಗೆ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಪಾಲಿದೆ ಎಂದಿತು. 2024ರ ಜುಲೈ 10ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಸ್ವಂತ ಆದಾಯವಿಲ್ಲದ ಹೆಂಡತಿಯ ಜೊತೆ ಗಂಡ ಜಂಟಿ ಖಾತೆ ಇಟ್ಟುಕೊಳ್ಳಬೇಕು, ಎಟಿಎಂ ಬಳಸಲು ಕೊಡಬೇಕು ಎಂದು ಒತ್ತಿ ಬರೆದರು. ಬಯೋಡೇಟಾದಲ್ಲಿ ಜಂಟಿ ಖಾತೆಯ ಮಾತು ಬರೆಯಲು ನಾಚುವವರು ಈ ತೀರ್ಪನ್ನು ನೆನೆಯಲಿ.

ಗೃಹಿಣಿ ಬೇಕೆನ್ನುವವನನ್ನು ಅನುಮಾನದಿಂದ ನೋಡುವವರಿಗೂ ಒಂದು ಮಾತು ಹೇಳಬೇಕು. ‘ನಾವು ತುಂಬಾ ಬ್ರಾಡ್ ಮೈಂಡೆಡ್, ಹುಡುಗಿ ಕೆಲಸಕ್ಕೆ ಹೋಗಲಿ’ ಎನ್ನುವ ಮನೆ ತಾಣದಲ್ಲಿ ಸಲೀಸಾಗಿ ಹೆಸರು ಗಳಿಸುತ್ತದೆ. ಬೆಳಿಗ್ಗೆ ಆರಕ್ಕೆ ತಿಂಡಿ, ಸಂಜೆ ಏಳಕ್ಕೆ ಅಡುಗೆ, ತಿಂಗಳ ಕೊನೆಗೆ ಸಂಬಳ, ಮೂರೂ ಅವಳಿಂದಲೇ ಬೇಕೆನ್ನುವವರನ್ನು ಈ ಫಾರಮ್ಮುಗಳು ಹಿಡಿಯುವುದಿಲ್ಲ. ಬಾಯಿಬಿಟ್ಟು ಹೇಳಿದವನಿಗಿಂತ ಇವರನ್ನು ಹೆಚ್ಚು ಪರೀಕ್ಷಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಣ್ಣಿನ ಕಡೆಯವರು ಕೇಳಬೇಕಾದ್ದು: ಸಾಲ ಎಷ್ಟಿದೆ, ಯಾವುದರ ಮೇಲೆ? ಮನೆಯಲ್ಲಿ ಆರೈಕೆ ಬೇಕಾದವರು ಯಾರಿದ್ದಾರೆ? ಸಹಾಯಕ್ಕೆ ಆಳು ಬರುತ್ತಾರೋ? ಅವಳ ಒಡವೆ ಯಾರ ಲಾಕರಿನಲ್ಲಿ? ಸ್ತ್ರೀಧನ ಕಾನೂನಿನಂತೆ ಪೂರ್ತಿ ಅವಳದ್ದು, ಲಾಕರಿನಲ್ಲಿ ಅವಳ ಹೆಸರೂ ಇರಬೇಕು. ಎರಡು ವರ್ಷದ ನಂತರ ಕೆಲಸಕ್ಕೆ ಹೋಗಬೇಕೆನಿಸಿದರೆ ಏನು ಹೇಳುತ್ತೀರಿ? ಈ ಕೊನೆಯ ಪ್ರಶ್ನೆಗೆ ಹುಡುಗ ತಾಯಿಯ ಮುಖ ನೋಡಿದರೆ ಅದೇ ಉತ್ತರ. ಕೆಲಸ ಬಿಟ್ಟು ಬಾ ಎನ್ನುವುದರ ಜೊತೆಗೆ ಇಷ್ಟು ಗ್ರಾಂ ಬಂಗಾರ ಎಂಬ ಮಾತೂ ಬಂದರೆ ಅಲ್ಲಿಗೇ ನಿಲ್ಲಿಸಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಅದು ಅಪರಾಧ, ದುಡಿಯಲೂ ಬಿಡದೆ ತವರಿನಿಂದಲೂ ತರಿಸುವ ಮನೆಯಲ್ಲಿ ಅವಳ ಕೈಗೆ ಏನೂ ಉಳಿಯದು.

ಈ ಬೇಡಿಕೆಯೊಂದನ್ನೇ ಅಳೆದು ಐದಕ್ಕೆ ಅಂಕ ಕೊಡುವುದಾದರೆ, ಜಾಲತಾಣಗಳಿಗೆ 3: ಮುಟ್ಟುವ ದೂರ ದೊಡ್ಡದು, ಫಾರಮ್ಮು ಕುರುಡು. ಸಮಾಜದ ಕೇಂದ್ರಗಳಿಗೆ 3.5, ಕಡತ ನೋಡುವ ಹಿರಿಯರಿಗಾಗಿ. ಸಮಾವೇಶಕ್ಕೆ 2. ಪತ್ರಿಕೆಗೆ 2. ದಲ್ಲಾಳಿಗೆ 1.

ಮಾತು ಮುಗಿದು ನಿಶ್ಚಿತಾರ್ಥ ಆದ ದಿನವೇ ತಾಣದ ಪ್ರೊಫೈಲನ್ನು ಮರೆಮಾಡದೆ ಪೂರ್ತಿ ಅಳಿಸಿ, ಯೋಜನೆ ತಾನಾಗಿ ನವೀಕರಣವಾಗುವ ಆಯ್ಕೆ ಆನ್ ಆಗಿದ್ದರೆ ಬ್ಯಾಂಕ್ ಕಾರ್ಡಿನ ಕಡೆಯಿಂದಲೂ ನಿಲ್ಲಿಸಿ. ಕೇಂದ್ರಕ್ಕೆ ಕೊಟ್ಟ ಜಾತಕ, ಫೋಟೋ ವಾಪಸು ಕೇಳಿ ಪಡೆಯಿರಿ, ಕೇಳಿದರೆ ಕೊಡುತ್ತಾರೆ.